‘ಫ್ಲಕ್ಸ್’ ಎಂಬ ಹರಿಯುವ ಪದದ ಬೆನ್ನು ಹತ್ತಿ

ಬಳ್ಳಾರಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ‘ಫ್ಲಕ್ಸ್’ ಅಂದರೆ ಪುಟ್ಟ ಡಬ್ಬಿಯಲ್ಲಿರುವ ಹಳದಿ ಅಂಟು. ತೋರಣಗಲ್ಲಿನ ಉಕ್ಕು ಸ್ಥಾವರದಲ್ಲಿ ಅದೇ ಹೆಸರು ಲಾರಿಗಟ್ಟಲೆ ಬರುವ ಸುಣ್ಣದ ಕಲ್ಲಿಗೆ. ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಫ್ಲಕ್ಸ್ ಎಂದರೆ ತಂತಿಯ ಸುರುಳಿಯೊಳಗಿನ ಕಾಂತರೇಖೆಗಳ ಲೆಕ್ಕ, ಎಲ್‌ಇಡಿ ಬಲ್ಬಿನ ಡಬ್ಬಿಯಲ್ಲಿ ಬೆಳಕಿನ ಅಳತೆ. ಹಳೆಯ ಇಂಗ್ಲಿಷ್ ವೈದ್ಯ ದಾಖಲೆಗಳನ್ನು ತೆರೆದರೆ ಅದು ರಕ್ತಭೇದಿಯ ಹೆಸರು. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಅರ್ಥಗಳು ಒಂದೇ ಬುಗ್ಗೆಯಿಂದ ಹೊರಟವು. ಬುಗ್ಗೆ ಎಲ್ಲಿದೆ ಎಂದು ಗೊತ್ತಾದರೆ ಭೌತಶಾಸ್ತ್ರದ ಸೂತ್ರವೂ ಬೆಸುಗೆಯ ಕಸುಬೂ ಒಟ್ಟೊಟ್ಟಿಗೆ ಸಲೀಸಾಗುತ್ತವೆ.

ಲ್ಯಾಟಿನ್‌ನಲ್ಲಿ ‘ಫ್ಲುಎರೆ’ ಎಂದರೆ ಹರಿ, ‘ಫ್ಲುಕ್ಸುಸ್’ ಎಂದರೆ ಹರಿವು. ಅದು ಫ್ರೆಂಚ್ ದಾರಿಯಿಂದ ಇಂಗ್ಲಿಷಿಗೆ ಬಂತು. ಇಂಗ್ಲಿಷಿನ ‘ಫ್ಲೋ’ ಇದರ ಅಣ್ಣನೋ ತಮ್ಮನೋ ಎಂದು ಯಾರಿಗಾದರೂ ಅನ್ನಿಸುತ್ತದೆ. ಸದ್ದು ಒಂದೇ, ಅರ್ಥ ಒಂದೇ. ಆದರೂ ಇಬ್ಬರೂ ಬೇರೆ ಮನೆತನದವರು. ‘ಫ್ಲೋ’ ಜರ್ಮನಿಕ್ ನುಡಿಗಳ ಕಡೆಯಿಂದ ಬಂದದ್ದು. ಅದರ ಬೇರು ಸಂಸ್ಕೃತದ ‘ಪ್ಲು’ ಧಾತುವಿನ ಬೇರೇ ಆಗಿದೆ: ತೇಲು, ಜಿಗಿ, ಉಕ್ಕಿ ಹರಿ. ಜಲಪ್ಲಾವನ ಎನ್ನುವಾಗ ಈ ಧಾತುವನ್ನೇ ಬಳಸುತ್ತೇವೆ. ವ್ಯಾಕರಣದಲ್ಲಿ ಹ್ರಸ್ವ, ದೀರ್ಘ ಆದ ಮೇಲೆ ಬರುವ ‘ಪ್ಲುತ’ವೂ ಇದರ ಮಗುವೇ. ಹೊಲದ ಆ ಬದಿಯವರನ್ನು ‘ಬಸವಾಽಽ’ ಎಂದು ಕೂಗುವಾಗ ದನಿ ಎರಡು ಮಾತ್ರೆಯನ್ನು ದಾಟಿ ಉಕ್ಕಿ ಹರಿಯುತ್ತದಲ್ಲ, ಅದಕ್ಕೆ ಆ ಹೆಸರು. ‘ಫ್ಲಕ್ಸ್’ಗೆ ಈ ಬಳಗದೊಡನೆ ರಕ್ತಸಂಬಂಧವಿಲ್ಲ. ಫ್ಲುಯೆಂಟ್, ಇನ್‌ಫ್ಲುಯೆನ್ಸ್ ಮುಂತಾದವು ಅದರ ಸ್ವಂತ ಸಂಸಾರ. ಆಕಾಶದ ಗ್ರಹತಾರೆಗಳಿಂದ ಏನೋ ಕೆಳಗೆ ಹರಿದು ಬಂದು ಮನುಷ್ಯರಿಗೆ ತಾಗುತ್ತದೆಂಬ ನಂಬಿಕೆಯಿಂದ ಇಟಲಿಯವರು ಜ್ವರಕ್ಕೆ ‘ಇನ್‌ಫ್ಲುಯೆನ್ಜಾ’ ಎಂದರು. ನಾವು ಇಂದು ‘ಫ್ಲೂ’ ಎಂದು ಚುಟುಕಾಗಿ ಹೇಳುವುದು ಆ ಹರಿವಿನ ಕೊನೆಯ ಹನಿ.

‘ಸಂಸಾರ’ ಎಂದು ಬರೆದದ್ದು ಸುಮ್ಮನೆ ಅಲ್ಲ. ಯುರೋಪಿನವರು ದೇಹದಿಂದ ಮಿತಿಮೀರಿ ಹರಿಯುವುದನ್ನು ಫ್ಲಕ್ಸ್ ಎಂದರು; ಆಮಶಂಕೆಗೆ ‘ರಕ್ತದ ಫ್ಲಕ್ಸ್’ ಎಂಬ ಹೆಸರು ಶತಮಾನಗಳ ಕಾಲ ನಡೆಯಿತು. ನಮ್ಮ ಆಯುರ್ವೇದದಲ್ಲಿ ಇದೇ ಕಾಯಿಲೆ ‘ಅತಿಸಾರ’. ‘ಸೃ’ ಎಂದರೆ ಸರಿ, ಹರಿ. ಅತಿಯಾಗಿ ಸರಿಯುವುದು ಅತಿಸಾರ. ಅದೇ ಧಾತುವಿಗೆ ‘ಸಂ’ ಸೇರಿದರೆ ಸಂಸಾರ: ನಿಲ್ಲದೆ ಸುತ್ತಿ ಸುತ್ತಿ ಹರಿಯುವ ಬಾಳು. ಹೊಳೆಗೆ ಇನ್ನೊಂದು ಹೆಸರಾದ ‘ಸರಿತ್’ ಕೂಡ ಅಲ್ಲಿಯದೇ. ಇಂಗ್ಲಿಷಿನಲ್ಲೂ ಪದ ಹೀಗೇ ಎರಡು ಕವಲಾಯಿತು. ಒಂದು ಕವಲು ಹೊಟ್ಟೆಯ ಕಾಯಿಲೆಗೆ ಹೋಯಿತು. ಇನ್ನೊಂದು ಸಮುದ್ರದ ಏರಿಳಿತದ ಮೂಲಕ ‘ಎಂದೂ ಒಂದೇ ಸ್ಥಿತಿಯಲ್ಲಿ ನಿಲ್ಲದ್ದು’ ಎಂಬ ಅರ್ಥಕ್ಕೆ ಹೋಯಿತು. ಎಲ್ಲವೂ ಹರಿಯುತ್ತಿದೆ ಎಂಬ ಮಾತನ್ನು ಗ್ರೀಸಿನ ತತ್ವಜ್ಞಾನಿ ಹೆರಾಕ್ಲಿಟಸ್ ಹೆಸರಿಗೆ ಹಚ್ಚುತ್ತಾರೆ. ಆ ಗ್ರೀಕ್ ಮಾತಿನ ‘ರೇಯ್’ ಕ್ರಿಯಾಪದ ಮತ್ತು ನಮ್ಮ ಸ್ರಾವ, ಸ್ರೋತಗಳ ‘ಸ್ರು’ ಒಂದೇ ಮೂಲದವು. ಡಯೇರಿಯಾ ಎಂಬ ಪದದ ಬಾಲದಲ್ಲಿರುವುದೂ ಅದೇ ‘ರೇಯ್’. ಹೊಟ್ಟೆ ಕೆಟ್ಟದ್ದಕ್ಕೂ ಲೋಕ ಬದಲಾಗುವುದಕ್ಕೂ ಒಂದೇ ಧಾತು ಸಾಕಾದದ್ದು ಲ್ಯಾಟಿನ್, ಗ್ರೀಕ್, ಸಂಸ್ಕೃತ ಮೂರರಲ್ಲೂ ನಡೆದಿದೆ.

ಕನ್ನಡದ ‘ಹರಿ’ ಇವರಾರಿಗೂ ಸೇರಿದ್ದಲ್ಲ. ಅದು ಹಳಗನ್ನಡದ ‘ಪರಿ’, ಅಚ್ಚ ದ್ರಾವಿಡ ಮಾತು, ಓಡು ಎಂಬ ಅರ್ಥವೂ ಅದಕ್ಕಿತ್ತು. ಈ ಭಾಗದಲ್ಲಿ ಆ ಪದಕ್ಕೆ ದಿನನಿತ್ಯದ ಕೆಲಸವಿದೆ. ಮಳೆಗಾಲ ಬಂತೆಂದರೆ ತುಂಗಭದ್ರಾ ಜಲಾಶಯದ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಸುತ್ತಲಿನ ಜಿಲ್ಲೆಗಳ ಜನ ಬೆಳಗ್ಗೆದ್ದು ಮೊದಲು ನೋಡುತ್ತಾರೆ. ಆ ಎರಡು ಅಂಕಿಗಳು ಮತ್ತು ಸಂಗ್ರಹದ ಅಂಕಿ, ಈ ಮೂರನ್ನು ಹಿಡಿದು ಕೂತರೆ ಕಲನಶಾಸ್ತ್ರದ (ಕ್ಯಾಲ್ಕುಲಸ್) ಬಾಗಿಲು ತೆರೆದಂತೆಯೇ.

ನ್ಯೂಟನ್ 1671ರಲ್ಲಿ ಬರೆದು ಮುಗಿಸಿದ, ಆದರೆ ಅವನು ತೀರಿಕೊಂಡ ಮೇಲೆ 1736ರಲ್ಲಿ ಅಚ್ಚಾದ ಗ್ರಂಥದಲ್ಲಿ ಎರಡು ಹೆಸರುಗಳಿವೆ. ಕಾಲದೊಂದಿಗೆ ಬದಲಾಗುತ್ತ ಹೋಗುವ ಪ್ರಮಾಣ ‘ಫ್ಲುಯೆಂಟ್’. ಅದು ಬದಲಾಗುವ ವೇಗ ‘ಫ್ಲಕ್ಷನ್’. ನಮ್ಮ ಜಲಾಶಯದಲ್ಲಿ ಸಂಗ್ರಹವಾದ ನೀರು ಫ್ಲುಯೆಂಟ್. ಒಳಹರಿವಿನಲ್ಲಿ ಹೊರಹರಿವು ಕಳೆದರೆ ಸಿಗುವುದು ಫ್ಲಕ್ಷನ್. ಒಳಹರಿವು 1,00,000 ಕ್ಯುಸೆಕ್, ಹೊರಹರಿವು 20,000 ಕ್ಯುಸೆಕ್ ಎಂದಿಟ್ಟುಕೊಳ್ಳಿ. ಪ್ರತಿ ಸೆಕೆಂಡಿಗೆ 80,000 ಘನ ಅಡಿ ಉಳಿಯುತ್ತದೆ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 691 ಕೋಟಿ ಘನ ಅಡಿ, ಅಂದರೆ 6.9 ಟಿಎಂಸಿ (ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ). ನೆನಪಿಗೆ ಇದಕ್ಕಿಂತ ಸುಲಭವಾದದ್ದು ಬೇಕಿದ್ದರೆ: ಇಡೀ ದಿನ ಸುಮಾರು 11,600 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಪತ್ರಿಕೆಯ ಅಂಕಿ ನೋಡಿ ನಾಳೆ ಎಷ್ಟು ತುಂಬೀತೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಆವಿಯಾಗುವುದನ್ನು ಇದರಲ್ಲಿ ಬಿಟ್ಟಿದ್ದೇವೆ. ಮಳೆಗಾಲದ ಒಂದು ದಿನದ ಲೆಕ್ಕಕ್ಕೆ ಅದು ಅಷ್ಟಾಗಿ ಅಡ್ಡಿ ಬಾರದು, ಬೇಸಿಗೆಯಲ್ಲಿ ಬರುತ್ತದೆ.

ನೀರಿನ ಜೊತೆ ಹರಿದು ಬರುವ ಇನ್ನೊಂದಿದೆ, ಹೂಳು. ಅದಕ್ಕೆ ಒಳಹರಿವು ಉಂಟು, ಹೊರಹರಿವು ಅತ್ಯಲ್ಪ. 133 ಟಿಎಂಸಿಗೆಂದು ಕಟ್ಟಿದ ಜಲಾಶಯದಲ್ಲಿ ಈಗ ಸುಮಾರು 105 ಟಿಎಂಸಿ ಮಾತ್ರ ಹಿಡಿಯುವುದು ಆ ಕಾರಣಕ್ಕೆ. ಇನ್ನು 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಒಂದು ಕಿಂಡಿಯ ಹೊರಹರಿವು ಮನುಷ್ಯರ ಕೈತಪ್ಪಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಹರಿವನ್ನು ಅಳೆಯುವುದು ಒಂದು ವಿದ್ಯೆಯಾದರೆ ಅದನ್ನು ಕೈಯಲ್ಲಿಟ್ಟುಕೊಳ್ಳುವುದು ಇನ್ನೊಂದು ವಿದ್ಯೆ.

ಅಳೆಯುವ ವಿದ್ಯೆ ಕಾಲುವೆಯ ದಂಡೆಯಲ್ಲೇ ಕಲಿಯುವಂಥದ್ದು. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟಿತೋ ಇಲ್ಲವೋ ಎಂಬ ಜಗಳ ಪ್ರತಿವರ್ಷದ್ದು. ಆ ಮಾತಿಗೆ ಒಂದು ಸಂಖ್ಯೆಯ ಬಲ ಇದ್ದರೆ ಒಳ್ಳೆಯದು. ನೇರವಾಗಿ, ಒಂದೇ ಅಗಲದಲ್ಲಿ ಹೋಗುವ 10 ಮೀಟರ್ ಉದ್ದದ ಭಾಗ ಹುಡುಕಿ ಎರಡೂ ತುದಿಗೆ ಗೂಟ ಹೊಡೆಯಿರಿ. ಅಗಲ ಅಳೆಯಿರಿ. ಕೋಲು ಇಳಿಸಿ ಅಡ್ಡಕ್ಕೆ ನಾಲ್ಕೈದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಅಗಲ 2 ಮೀಟರ್, ಸರಾಸರಿ ಆಳ ಅರ್ಧ ಮೀಟರ್ ಆದರೆ ನೀರಿನ ಅಡ್ಡಕೊಯ್ತ 1 ಚದರ ಮೀಟರ್. ಈಗ ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದಿನಿಂದ ಒಂದು ಹಸಿ ನಿಂಬೆಹಣ್ಣು ಅಥವಾ ಅರ್ಧ ನೀರು ತುಂಬಿದ ಬಾಟಲಿ ಬಿಡಿ. 10 ಮೀಟರಿಗೆ 20 ಸೆಕೆಂಡು ತೆಗೆದುಕೊಂಡರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳ ಮತ್ತು ದಂಡೆಗೆ ತಾಗುವ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಬೇಕು: 0.425. ಅಡ್ಡಕೊಯ್ತದಿಂದ ಗುಣಿಸಿದರೆ ಸೆಕೆಂಡಿಗೆ 425 ಲೀಟರ್. ಒಂದು ಕ್ಯುಸೆಕ್ ಎಂದರೆ 28.3 ಲೀಟರ್, ಹಾಗಾಗಿ ಇದು 15 ಕ್ಯುಸೆಕ್. ಕನಿಷ್ಠ ಐದು ಸಲ ಮಾಡಿ ಸರಾಸರಿ ಹಿಡಿಯಿರಿ. ಖಾಲಿ ಬಾಟಲಿ ಬಿಟ್ಟರೆ ಗಾಳಿ ಅದನ್ನು ತಳ್ಳುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಕಾಲುವೆಯಲ್ಲಿ ಜೊಂಡು ಬೆಳೆದಿದ್ದರೆ 0.85 ಕೂಡ ಹೆಚ್ಚೇ. ತಿರುವಿನಲ್ಲಂತೂ ಅಳೆಯಲೇಬಾರದು, ಹೊರದಂಡೆಯ ನೀರು ಓಡುತ್ತದೆ, ಒಳದಂಡೆಯದು ತೂಕಡಿಸುತ್ತದೆ.

ಭೌತಶಾಸ್ತ್ರದ ಫ್ಲಕ್ಸ್ ಇದೇ. ಒಂದು ಚೌಕಟ್ಟಿನ ಮೂಲಕ ಎಷ್ಟು ದಾಟಿತು? ಚೌಕಟ್ಟು ದೊಡ್ಡದಾದರೆ ಹೆಚ್ಚು, ವೇಗ ಹೆಚ್ಚಿದರೆ ಹೆಚ್ಚು, ಚೌಕಟ್ಟನ್ನು ಹರಿವಿಗೆ ಓರೆ ಮಾಡಿದರೆ ಕಡಿಮೆ. ಪುಸ್ತಕಗಳು ವಿದ್ಯಾರ್ಥಿಗಳನ್ನು ಗೊಂದಲಕ್ಕೆ ಕೆಡಹುವುದು ಒಂದೇ ಜಾಗದಲ್ಲಿ: ಶಾಖದ ವಿಷಯದಲ್ಲಿ ಫ್ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೂಲಕ ದಾಟಿದ್ದು, ಕಾಂತದ ವಿಷಯದಲ್ಲಿ ಇಡೀ ಸುರುಳಿಯ ಮೂಲಕ ದಾಟಿದ್ದರ ಮೊತ್ತ. ಪದ ಒಂದೇ, ಏಕಮಾನ ಬೇರೆ. ಏಕಮಾನದಲ್ಲಿ ‘ಪ್ರತಿ ಚದರ ಮೀಟರಿಗೆ’ ಇದೆಯೋ ಎಂದು ನೋಡಿಕೊಂಡರೆ ಎಡವುವುದಿಲ್ಲ. ಬಲ್ಬಿನ ಡಬ್ಬಿಯ ಮೇಲಿನ ಲ್ಯುಮೆನ್ ಮೊತ್ತದ ಲೆಕ್ಕ, ಮೇಜಿನ ಮೇಲೆ ಬಿದ್ದ ಬೆಳಕಿನ ಲಕ್ಸ್ ಚದರ ಮೀಟರಿನ ಲೆಕ್ಕ.

ಓರೆಯ ಮಾತಿಗೆ ಸೌರಫಲಕ ಉದಾಹರಣೆ. ಭೂಮಿಯ ವಾತಾವರಣದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬೀಳುತ್ತದೆ. ಫಲಕವನ್ನು ಕಿರಣಕ್ಕೆ ನೇರ ಎದುರಿನಿಂದ 60 ಡಿಗ್ರಿ ತಿರುಗಿಸಿದರೆ ದೊರೆಯುವುದು ಅರ್ಧ. ಬಳ್ಳಾರಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆಯಲ್ಲಿ ಕೂರಿಸಿದರೆ ವರ್ಷವಿಡೀ ಸರಾಸರಿ ಚೆನ್ನಾಗಿರುತ್ತದೆ. ಅಷ್ಟು ಓರೆಯಿದ್ದರೆ ಮಳೆಗೆ ಧೂಳೂ ತೊಳೆದುಹೋಗುತ್ತದೆ.

ಕಾಂತೀಯ ಫ್ಲಕ್ಸ್ ಮಾತ್ರ ಪದವನ್ನು ವಿಚಿತ್ರ ತಿರುವಿಗೆ ತಂದು ನಿಲ್ಲಿಸಿತು. ಕಾಂತದ ಉತ್ತರ ಧ್ರುವದಿಂದ ದಕ್ಷಿಣಕ್ಕೆ ಏನೂ ಹರಿಯುವುದಿಲ್ಲ. ಫ್ಯಾರಡೆ ಕಂಡ ಬಲರೇಖೆಗಳನ್ನು ಗಣಿತಕ್ಕೆ ಇಳಿಸುವಾಗ ಮ್ಯಾಕ್ಸ್‌ವೆಲ್ ಅವನ್ನು ಕೊಳವೆಗಳಲ್ಲಿ ಹರಿಯುವ ಕಲ್ಪಿತ ದ್ರವದಂತೆ ಬಗೆದ. ದ್ರವ ಕಲ್ಪಿತ, ಲೆಕ್ಕ ನಿಜ. ಹೋಲಿಕೆ ಕೆಲಸ ಮುಗಿಸಿ ಹೊರಟುಹೋದರೂ ಹೆಸರು ಉಳಿಯಿತು. ಹರಿಯದ ಈ ಹರಿವು ಬದಲಾದಾಗ ಮಾತ್ರ ವಿದ್ಯುತ್ ಹುಟ್ಟುತ್ತದೆ, 1831ರಲ್ಲಿ ಫ್ಯಾರಡೆ ತೋರಿಸಿದ್ದು ಅದನ್ನೇ. ಸುರುಳಿಯ ಒಂದು ಸುತ್ತಿನೊಳಗೆ ಫ್ಲಕ್ಸ್ ಸೆಕೆಂಡಿಗೆ ಒಂದು ವೆಬರ್‌ನಂತೆ ಬದಲಾದರೆ ಒಂದು ವೋಲ್ಟ್. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಉರಿಸಿ ಉಗಿಯಿಂದ ತಿರುಗಿಸುವ ಜನರೇಟರುಗಳು ಮಾಡುವುದು ಇಷ್ಟೇ: ಎರಡು ಧ್ರುವದ ಕಾಂತವನ್ನು ನಿಮಿಷಕ್ಕೆ 3,000 ಸುತ್ತು ತಿರುಗಿಸಿ, ಸುತ್ತಲಿನ ಸುರುಳಿಗಳೊಳಗಿನ ಫ್ಲಕ್ಸ್ ಸೆಕೆಂಡಿಗೆ 50 ಸಲ ಆಚೀಚೆ ಆಗುವಂತೆ ನೋಡಿಕೊಳ್ಳುವುದು. ಮನೆಯ 50 ಹರ್ಟ್ಜ್ ಕರೆಂಟು ಅದೇ.

ಕುಡತಿನಿಗೆ ಇನ್ನೊಂದು ಖ್ಯಾತಿಯಿದೆ, ಬೂದಿದಿಬ್ಬ. ಸ್ಥಾವರದ ಬೂದಿಗೂ ಅದಕ್ಕೂ ಸಂಬಂಧವಿಲ್ಲ. ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಸಗಣಿ ಬೂದಿಯ ದಿಣ್ಣೆ. ಕ್ರಿ.ಪೂ. 3000ದಿಂದ 1200ರ ನಡುವಿನ ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹಲವು ಇವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಜಾಗವೆಂದು ಜನ ನಂಬುತ್ತಾರೆ. ಅಗೆದರೆ ಮೆತ್ತನೆಯ ಬೂದಿಯ ನಡುವೆ ಗಾಜಿನಂತೆ ಕರಗಿ ಗಟ್ಟಿಯಾದ, ಗುಳ್ಳೆಗುಳ್ಳೆಯ ಪದರಗಳು ಸಿಗುತ್ತವೆ. ಇದನ್ನು ಕಂಡ ಹಿಂದಿನವರಲ್ಲಿ ಕೆಲವರು ಜ್ವಾಲಾಮುಖಿಯ ಕಲ್ಲೆಂದರು, ಕೆಲವರು ಕಬ್ಬಿಣ ಕರಗಿಸಿದ ಕಿಟ್ಟವೆಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದನದ ಸಗಣಿಯ ಬೂದಿಯೆಂದು ಗುರುತಿಸಿದ. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಉತ್ಖನನ ಮಾಡಿದಾಗ ದೊಡ್ಡಿಯ ಗೂಟದ ಕುಳಿಗಳು, ದನಗಳ ಗೊರಸಿನ ಗುರುತುಗಳು ಸಿಕ್ಕವು.

ಸಗಣಿ ಉರಿದರೆ ಗಾಜು ಹೇಗಾಯಿತು? ಹುಲ್ಲು ಮಣ್ಣಿನಿಂದ ಮರಳಿನ ಸತ್ವವಾದ ಸಿಲಿಕವನ್ನು ಹೀರಿ ತನ್ನ ಎಲೆಯಲ್ಲಿ ಕೂಡಿಸುತ್ತದೆ. ಹುಲ್ಲಿನ ಅಂಚು ಕೈ ಕೊಯ್ಯುವುದು ಅದರಿಂದ. ಸಿಲಿಕ ಒಂದೇ ಇದ್ದರೆ ಕರಗಲು ಸುಮಾರು 1,710 ಡಿಗ್ರಿ ಸೆಲ್ಸಿಯಸ್ ಬೇಕು, ಸಗಣಿಯ ಬೆಂಕಿಗೆ ಆ ಶಕ್ತಿ ಇಲ್ಲ. ಆದರೆ ಬೂದಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳಿವೆ. ಅವು ಸಿಲಿಕದ ಬಿಗಿಯಾದ ಹೆಣಿಗೆಯನ್ನು ಅಲ್ಲಲ್ಲಿ ಕಡಿದು ಬಹಳ ಕಡಿಮೆ ಕಾವಿನಲ್ಲೇ ಅದನ್ನು ಕರಗಿಸಿಬಿಡುತ್ತವೆ. ಹೀಗೆ ಕರಗದ್ದನ್ನು ಕರಗಿಸಿ ಹರಿಸುವ ಒತ್ತಾಸೆಯ ವಸ್ತುವೇ ಲೋಹಗಾರಿಕೆಯ ಫ್ಲಕ್ಸ್. ಇಲ್ಲಿ ಪದ ಹರಿವಿನ ಹೆಸರಾಗಿ ಉಳಿಯದೆ ಹರಿಸುವವನ ಹೆಸರಾಯಿತು.

ಕುಡತಿನಿಯಿಂದ ತೋರಣಗಲ್ಲು ದೂರವೇನಲ್ಲ. ಅಲ್ಲಿನ ಊದುಕುಲುಮೆಗಳಲ್ಲಿ ನಡೆಯುವುದೂ ಇದೇ ಬಗೆಯ ಕೆಲಸ. ಸಂಡೂರಿನ ಅದಿರು ಎಷ್ಟೇ ಒಳ್ಳೆಯದಾದರೂ ಅದರೊಡನೆ ಸಿಲಿಕ, ಅಲ್ಯೂಮಿನ (ಅಲ್ಯೂಮಿನಿಯಂ ಆಕ್ಸೈಡ್) ಬರುತ್ತವೆ. ಕೋಕ್ ಉರಿದ ಬೂದಿಯಿಂದ ಇನ್ನಷ್ಟು ಸೇರುತ್ತದೆ. ಅಲ್ಯೂಮಿನ ಕರಗುವುದು ಸುಮಾರು 2,070 ಡಿಗ್ರಿಗೆ. ಸುಣ್ಣವಂತೂ 2,600ರ ಆಸುಪಾಸಿಗೆ. ಮೂರೂ ಒಬ್ಬರನ್ನೊಬ್ಬರು ಮೀರಿಸುವ ಹಟಮಾರಿಗಳು, ಆದರೆ ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ 1,300ರಿಂದ 1,400 ಡಿಗ್ರಿಗೆಲ್ಲ ನೀರಾಗುತ್ತವೆ. ಆ ನೀರೇ ಕಿಟ್ಟ, ಕಾರ್ಖಾನೆಯ ಮಾತಿನಲ್ಲಿ ಸ್ಲ್ಯಾಗ್. ಕಬ್ಬಿಣಕ್ಕಿಂತ ಹಗುರ, ಮೇಲೆ ತೇಲುತ್ತದೆ, ಬೇರೆ ಮಾಡಿ ಹರಿಸಿಬಿಡಬಹುದು. ನೀರು ಚಿಮುಕಿಸಿ ಹರಳುಪುಡಿ ಮಾಡಿದರೆ ಸಿಮೆಂಟಿಗೆ ಹೋಗುತ್ತದೆ.

ಲೆಕ್ಕ ಕಟ್ಟುನಿಟ್ಟಿನದು. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕಿಲೋ ಸುಣ್ಣ, ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹೊಗೆಗೆ. ಕುಲುಮೆಗೆ 50 ಕಿಲೋ ಸಿಲಿಕ ಹೋಗಿದೆ, ಸುಣ್ಣ ಅದರ 1.1 ಪಟ್ಟು ಇರಬೇಕು ಎಂದಾದರೆ 55 ಕಿಲೋ ಸುಣ್ಣ ಬೇಕು, ಅಂದರೆ ಹತ್ತಿರ ಹತ್ತಿರ 98 ಕಿಲೋ ಕಲ್ಲು. ಈ ಅನುಪಾತಕ್ಕೆ ಬೇಸಿಸಿಟಿ ಎನ್ನುತ್ತಾರೆ. ಇದು ತಗ್ಗಿದರೆ ಗಂಧಕ ಕಿಟ್ಟಕ್ಕೆ ಹೋಗದೆ ಕಬ್ಬಿಣದಲ್ಲೇ ಉಳಿಯುತ್ತದೆ, ಅಂಥ ಉಕ್ಕು ಕಾದಾಗ ಬಿರುಕು ಬಿಡುತ್ತದೆ. ಹೆಚ್ಚಿತೆಂದರೆ ಕಿಟ್ಟ ಗಂಜಿಯಂತೆ ದಪ್ಪಗಾಗಿ ಕುಲುಮೆಯ ಬುಡದಲ್ಲಿ ಕೂರುತ್ತದೆ. ನಮ್ಮ ದೇಶದ ಅದಿರುಗಳಲ್ಲಿ ಸಿಲಿಕಕ್ಕೆ ಹೋಲಿಸಿದರೆ ಅಲ್ಯೂಮಿನದ ಪಾಲು ಜಾಸ್ತಿ, ಕಿಟ್ಟ ಮೊದಲೇ ಅಂಟು. ಅದನ್ನು ತೆಳುವಾಗಿಸಲು ಡೋಲೊಮೈಟ್ ಸೇರಿಸಿ ಮೆಗ್ನೀಸಿಯಂ ಆಕ್ಸೈಡ್ ಕೊಡುತ್ತಾರೆ. ಸುಣ್ಣದ ಕಲ್ಲು ಸುಡಲು ತಗಲುವ ಶಾಖ ಕುಲುಮೆಯ ಕೋಕ್‌ನಿಂದಲೇ ಹೋಗಬೇಕಲ್ಲ, ಅದನ್ನು ಉಳಿಸಲು ಪುಡಿ ಅದಿರನ್ನು ಸಿಂಟರ್ ಮಾಡುವಾಗಲೇ, ಅಂದರೆ ಕಾಯಿಸಿ ಗಟ್ಟಿಗೊಳಿಸುವಾಗಲೇ, ಫ್ಲಕ್ಸ್ ಬೆರೆಸಿಡುವುದು ರೂಢಿ.

ಚಿನ್ನದ ಕೆಲಸದಲ್ಲಿ ಪ್ರಮಾಣ ಚಿಕ್ಕದು, ತತ್ವ ಒಂದೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಂಥ ಗಣಿಗಳಲ್ಲಿ ಅದಿರಿನಿಂದ ಬೇರ್ಪಟ್ಟ ಚಿನ್ನದ ಕೆಸರನ್ನು ಕೊನೆಗೆ ಮೂಸೆಯಲ್ಲಿ ಕರಗಿಸುವಾಗ ಬಳಸುವ ಸಾಮಾನ್ಯ ಫ್ಲಕ್ಸ್‌ಗಳು ಬೋರಾಕ್ಸ್, ಸಿಲಿಕ, ಸೋಡಾ ಬೂದಿ. ಚಿನ್ನ 1,064 ಡಿಗ್ರಿಗೆ ಕರಗುತ್ತದೆ, ಬೋರಾಕ್ಸ್ 743ಕ್ಕೇ ಕರಗಿ ತಾಮ್ರ, ಕಬ್ಬಿಣ, ಸತುವಿನ ಆಕ್ಸೈಡುಗಳನ್ನು ಗಾಜಿನೊಳಗೆ ಎಳೆದುಕೊಳ್ಳುತ್ತದೆ. ಈ ಬೋರಾಕ್ಸೇ ನಮ್ಮ ಅಕ್ಕಸಾಲಿಗರ ಬಿಳಿಗಾರ, ಸಂಸ್ಕೃತದ ಟಂಕಣ. ಟಂಕಣ ಪದ ವ್ಯಾಪಾರದ ಹಾದಿಯಲ್ಲಿ ಪಯಣಿಸಿ ಇಂಗ್ಲಿಷಿನಲ್ಲಿ ಕಚ್ಚಾ ಬೋರಾಕ್ಸಿಗೆ ‘ಟಿಂಕಾಲ್’ ಆಯಿತು. ರಸಶಾಸ್ತ್ರ ಗ್ರಂಥಗಳು ತುಪ್ಪ, ಜೇನು, ಗುಗ್ಗುಳ, ಗುಲಗಂಜಿ, ಟಂಕಣ ಐದನ್ನೂ ಸೇರಿಸಿ ‘ಮಿತ್ರಪಂಚಕ’ ಎನ್ನುತ್ತವೆ. ಮೊದಲ ನಾಲ್ಕು ಉರಿದು ಇಂಗಾಲ ಕೊಟ್ಟು ಆಕ್ಸೈಡಿನಿಂದ ಆಮ್ಲಜನಕ ಕಸಿಯುತ್ತವೆ, ಐದನೆಯದು ಕೊಳೆಯನ್ನು ಹರಿಸುತ್ತದೆ. ಲೋಹಕ್ಕೆ ಇವು ಗೆಳೆಯರು ಎಂದು ಕರೆದವನಿಗೆ ಕುಲುಮೆ ಚೆನ್ನಾಗಿ ಗೊತ್ತಿತ್ತು.

ಬೆಸುಗೆಯಲ್ಲಿ ಬಿಳಿಗಾರ ಹಚ್ಚುವಾಗ ಹೊಸಬರು ಎಡವುವುದು ನೀರಿನ ವಿಷಯದಲ್ಲಿ. ಹರಳು ಬಿಳಿಗಾರದ ತೂಕದಲ್ಲಿ ನೂರಕ್ಕೆ ಸುಮಾರು 47 ಭಾಗ ನೀರೇ. ಒಮ್ಮೆಲೇ ಜ್ವಾಲೆ ಹಿಡಿದರೆ ಅದು ಅರಳಿನಂತೆ ಉಬ್ಬಿ, ಜೋಡಿಸಿಟ್ಟ ಬೆಸುಗೆಯ ಚೂರನ್ನು ಎತ್ತಿ ಎಸೆಯುತ್ತದೆ. ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ ತೆಳ್ಳಗೆ ಬಳಿದು, ದೂರದಿಂದ ಕಾವು ತೋರಿಸಿ, ಉಬ್ಬಿ ಇಳಿದು ಗಾಜಿನ ಹನಿಯಾದ ಮೇಲೆ ಜ್ವಾಲೆ ಹತ್ತಿರ ತರಬೇಕು. ಎಣ್ಣೆ ಜಿಡ್ಡನ್ನು ಫ್ಲಕ್ಸ್ ತೆಗೆಯುವುದಿಲ್ಲ, ಅದನ್ನು ಮೊದಲೇ ತೊಳೆದಿರಬೇಕು. ಕೆಲಸ ಮುಗಿದ ಮೇಲೆ ಉಳಿದ ಗಾಜನ್ನು ಬಿಸಿ ದುರ್ಬಲ ಆಮ್ಲದಲ್ಲಿ ನೆನೆಸಿ ಬಿಡಿಸುತ್ತಾರೆ.

ಕಲಾಯಿ ಹಾಕುವವರ ಫ್ಲಕ್ಸ್ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಾದ ಹಿತ್ತಾಳೆ ಪಾತ್ರೆಗೆ ಅದನ್ನು ಎರಚಿದರೆ ದಟ್ಟ ಬಿಳಿ ಹೊಗೆ ಏಳುತ್ತದಲ್ಲ, ಪುಡಿ ಒಡೆದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ, ಮೇಲೆ ತಣಿದಲ್ಲಿ ಮತ್ತೆ ಕೂಡಿದ್ದು ಅದು. ಎರಡನೆಯದು ತಾಮ್ರದ ಆಕ್ಸೈಡನ್ನು ತಿಂದುಹಾಕುತ್ತದೆ. ತಕ್ಷಣ 232 ಡಿಗ್ರಿಗೆ ಕರಗುವ ತವರವನ್ನು ಅರಳೆಯಿಂದ ಉಜ್ಜಿದರೆ ಕನ್ನಡಿಯಂತೆ ಹಬ್ಬುತ್ತದೆ. ನವಸಾಗರ ಸಾಲದೆ ಹೋದಲ್ಲಿ ತವರ ಹನಿಹನಿಯಾಗಿ ಉರುಳುತ್ತದೆ, ಅಂಟುವುದಿಲ್ಲ.

ಮೊಬೈಲ್ ಅಂಗಡಿಯ ಹಳದಿ ಅಂಟು ಬಹುಮಟ್ಟಿಗೆ ಪೈನ್ ಮರದ ರಾಳ. ತಣ್ಣಗಿರುವಾಗ ನಿರುಪದ್ರವಿ, ಬಿಸಿಯಾದಾಗ ಸೌಮ್ಯ ಆಮ್ಲ. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಸೋಲ್ಡರಿಂಗ್ ಐರನ್ ತುದಿ 320ರಿಂದ 350ರಲ್ಲಿ ಇದ್ದರೆ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಆಗಬೇಕು. ಬೆಸುಗೆ ತಂತಿಯನ್ನು ಐರನ್ ತುದಿಗೆ ಕರಗಿಸಿ ತಂದು ಬೋರ್ಡಿಗೆ ಮೆತ್ತುವ ಅಭ್ಯಾಸ ಕೆಟ್ಟದ್ದು, ದಾರಿಯಲ್ಲೇ ರಾಳ ಹೊಗೆಯಾಗಿ ಹೋಗಿರುತ್ತದೆ. ಬೋರ್ಡಿನ ತಾಮ್ರವನ್ನೂ ಬಿಡಿಭಾಗದ ಲೋಹದ ಕಾಲನ್ನೂ ಒಟ್ಟಿಗೆ ಕಾಯಿಸಿ, ತಂತಿಯನ್ನು ಅಲ್ಲಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಹೊರಗೆ ಹೊಳೆದು ಒಳಗೆ ಹಿಡಿಯದ ಡ್ರೈ ಸೋಲ್ಡರ್. ಪಾತ್ರೆ, ತಗಡಿನ ಬೆಸುಗೆಗೆ ಬಳಸುವ ಸತುವಿನ ಕ್ಲೋರೈಡ್ ಫ್ಲಕ್ಸನ್ನು ಬೋರ್ಡಿಗೆ ಎಂದೂ ಹಚ್ಚಬೇಡಿ. ಕೆಲವೇ ತಿಂಗಳಲ್ಲಿ ತಾಮ್ರದ ಗೆರೆಗಳು ಹಸಿರುಗಟ್ಟಿ ಸವೆಯುತ್ತವೆ. ವೆಲ್ಡಿಂಗ್ ರಾಡಿನ ಮೇಲಿನ ಬೂದುಬಣ್ಣದ ಕವಚವೂ ಫ್ಲಕ್ಸೇ. ಅದು ತೇವ ಹೀರಿದರೆ ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ರಾಡನ್ನು ಒಣಗಿಸಿಯೇ ಬಳಸಬೇಕು.

ಲೋಹ ಕರಗಿಸುವವರ ಈ ಮಾತಿನಿಂದಲೇ ಒಂದು ಮೂಲಧಾತುವಿಗೆ ಹೆಸರು ಬಂತು. ಜರ್ಮನಿಯ ಗಣಿಗಾರರು ಅದಿರಿಗೆ ಒಂದು ಬಣ್ಣದ ಹರಳುಕಲ್ಲನ್ನು ಸೇರಿಸುತ್ತಿದ್ದರು, ಕಿಟ್ಟ ಸಲೀಸಾಗಿ ಹರಿಯುತ್ತಿತ್ತು. ಅಲ್ಲಿನ ಗಣಿವಿದ್ಯೆಯ ವಿದ್ವಾಂಸ ಅಗ್ರಿಕೋಲ 1530ರಲ್ಲಿ ಅದಕ್ಕೆ ಲ್ಯಾಟಿನ್‌ನಲ್ಲಿ ‘ಫ್ಲುಓರೆಸ್’, ಹರಿಯುವ ಕಲ್ಲುಗಳು, ಎಂದು ಹೆಸರಿಟ್ಟ. ಆ ಕಲ್ಲೇ ಫ್ಲೋರೈಟ್, ಕ್ಯಾಲ್ಸಿಯಂ ಫ್ಲೋರೈಡ್. ಅದರೊಳಗಿನ ಹೊಸ ಧಾತುವಿಗೆ ಫ್ಲೋರಿನ್ ಎಂಬ ಹೆಸರನ್ನು ಫ್ರಾನ್ಸಿನ ವಿಜ್ಞಾನಿ ಆಂಪೇರ್ ಸೂಚಿಸಿದ; 1886ರಲ್ಲಿ ಅದೇ ದೇಶದ ಮುವಾಸಾನ್ ಅದನ್ನು ಬೇರ್ಪಡಿಸಿದ, 1906ರಲ್ಲಿ ನೊಬೆಲ್ ಪಡೆದ. ಆ ಕಲ್ಲಿನ ಕೆಲವು ಹರಳು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದಾಗ ಮಿನುಗುವುದನ್ನು ಕಂಡ ಭೌತವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ‘ಫ್ಲೋರೆಸೆನ್ಸ್’ ಎಂಬ ಪದ ಕಟ್ಟಿದ. ಟ್ಯೂಬ್‌ಲೈಟಿನ ಹೆಸರಿನಲ್ಲೂ ಹೀಗೆ ಹರಿವು ಸೇರಿಕೊಂಡಿತು.

ಈ ಹೆಸರಿನ ಕೊನೆಯ ತಾಣ ನಮ್ಮ ಬೋರ್‌ವೆಲ್. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚು. ಇಲ್ಲಿನ ತಳಬಂಡೆ ಗ್ರಾನೈಟ್ ಮತ್ತು ನೈಸ್. ಅದರಲ್ಲಿರುವ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೊಟೈಟ್‌ಗಳಿಂದ ನೀರು ನಿಧಾನಕ್ಕೆ ಫ್ಲೋರೈಡನ್ನು ಎಳೆಯುತ್ತದೆ. ಮಳೆ ಕಡಿಮೆ, ಬೋರು ಆಳ, ನೀರು ಬಂಡೆಯೊಡನೆ ಕಳೆಯುವ ಕಾಲ ಹೆಚ್ಚು. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳ ಇದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಕಲ್ಲಾಗಿ ಕೆಳಗೆ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಅದಕ್ಕೆ ತಡೆಯಿಲ್ಲ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬರುವ, ಬೇಳೆ ಬೇಗ ಬೇಯುವ ಮೆದು ನೀರೇ ಫ್ಲೋರೈಡಿನ ನೀರಾಗಿರಬಹುದು. ನಾಲಿಗೆಗೆ ಗೊತ್ತಾಗುವುದಿಲ್ಲ, ಪರೀಕ್ಷೆಯೊಂದೇ ದಾರಿ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದು ಮೀರಿದ ನೀರು ಕುಡಿದ ಎಂಟು ವರ್ಷದೊಳಗಿನ ಮಕ್ಕಳ ಹೊಸ ಹಲ್ಲುಗಳಲ್ಲಿ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟಿ ಕಾಣುತ್ತದೆ. ಹಲ್ಲು ಬೆಳೆಯುವಾಗಲೇ ಒಳಗೆ ಸೇರಿದ ದೋಷವಾದ್ದರಿಂದ ಎಷ್ಟು ಉಜ್ಜಿದರೂ ಹೋಗದು. ಇನ್ನೂ ಹೆಚ್ಚಿನ ಮಟ್ಟದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಸೊಂಟ, ಮಂಡಿಯ ಕೀಲುಗಳು ಬಿಗಿಯುತ್ತವೆ. ಕುಲುಮೆಯಲ್ಲಿ ಕಲ್ಲನ್ನು ಹರಿಸುವ ವಸ್ತು ಮೈಯೊಳಗೆ ಕ್ಯಾಲ್ಸಿಯಂ ಹಿಡಿದು ಗಡುಸಾಗಿಸುತ್ತದೆ.

ಕಾಯಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಲೀಟರಿಗೆ 2 ಮಿಲಿಗ್ರಾಂ ಇರುವ 10 ಲೀಟರ್ ನೀರನ್ನು ಕುದಿಸಿ 8 ಲೀಟರಿಗೆ ಇಳಿಸಿದರೆ ಫ್ಲೋರೈಡ್ 2.5 ಆಗುತ್ತದೆ, ಕಡಿಮೆಯಾಗುವುದು ನೀರು ಮಾತ್ರ. ಬಟ್ಟೆಯಲ್ಲಿ ಸೋಸಿದರೆ, ಬ್ಲೀಚಿಂಗ್ ಪುಡಿ ಹಾಕಿದರೆ ಏನೂ ಆಗದು. ಆರ್‌ಒ ಘಟಕ ಅದನ್ನು ತೆಗೆಯುತ್ತದೆ, ಆದರೆ ಪೊರೆ ಹಳತಾದರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಲ್ಯೂಮಿನ ಹರಳಿನ ಫಿಲ್ಟರ್ ಹೀರಿ ಹೀರಿ ತುಂಬಿದ ಮೇಲೆ ಅದನ್ನು ಕ್ಷಾರ, ಆಮ್ಲಗಳಿಂದ ತೊಳೆದು ಮತ್ತೆ ಸಿದ್ಧ ಮಾಡಬೇಕು. ಹಳ್ಳಿಯ ಘಟಕಗಳು ಕೆಟ್ಟು ನಿಲ್ಲುವುದು ಬಹುಪಾಲು ಈ ಹಂತದಲ್ಲಿ. ಪಟಕ ಮತ್ತು ಸುಣ್ಣ ಹಾಕಿ ಕಲಕಿ ತಿಳಿಗೊಳಿಸುವ ನಲ್ಗೊಂಡ ವಿಧಾನ ಅಗ್ಗದ್ದು, ಆದರೆ ಪಟಕದ ಪ್ರಮಾಣವನ್ನು ಆ ಊರಿನ ನೀರು ಪರೀಕ್ಷಿಸಿಯೇ ಗೊತ್ತುಮಾಡಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಉಳಿದುಬಿಡುತ್ತದೆ. ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್ ಬಹುಮಟ್ಟಿಗೆ ಇರುವುದೇ ಇಲ್ಲ. ಹೊಳೆ, ಕಾಲುವೆಯ ನೀರಿನಲ್ಲಿ ಸಾಮಾನ್ಯವಾಗಿ ಬೋರ್ ನೀರಿಗಿಂತ ಬಹಳ ಕಡಿಮೆ. ಮೊದಲ ಒಂದೆರಡು ಮಳೆಯ ಧೂಳು ನೀರನ್ನು ಬಿಟ್ಟು, ಆಮೇಲಿನದನ್ನು ಮುಚ್ಚಿದ ತೊಟ್ಟಿಗೆ ಹಿಡಿದು, ಸೋಸಿ ಕಾಯಿಸಿ, ಸ್ನಾನ ಬಟ್ಟೆಗೆ ಬೋರ್ ನೀರನ್ನೇ ಇಟ್ಟುಕೊಂಡು ಕುಡಿಯಲು ಅಡುಗೆಗೆ ಮಾತ್ರ ಇದನ್ನು ಬಳಸಬಹುದು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೂ ನಾಲ್ಕು ತಿಂಗಳಿಗೆ 3,000 ಲೀಟರ್ ಸಾಕು.